ಪೈಪಿನೊಳಗಿನ ಗಾಳಿ

ಬೆಳಗಿನಿಂದ ಸಿದ್ದಲಿಂಗೇಶನ ಹೊಟ್ಟೆಗೆ ಒಂದು ಹನಿ ಚಹಾ ಬಿದ್ದಿರಲಿಲ್ಲ. ಅವನ ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ ಗುಳುಗುಳು ನಡೆದಿತ್ತು. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಅವನು ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅದರಲ್ಲೇ. ಅದರ ಬಿಸಿ ಇಳಿಸಲು ಒಳಗಿನ ಪೈಪಿನಲ್ಲಿ ನೀರು ಸುತ್ತಬೇಕು. ನಿನ್ನೆ ನೀಲಿ ಬಣ್ಣದ ಹೊಸ ನೀರು ತುಂಬುವಾಗ ಗಾಳಿ ಸೇರಿಕೊಂಡು, ನೀರು ಸುತ್ತದೆ, ಯಂತ್ರ ಹತ್ತು ನಿಮಿಷಕ್ಕೊಮ್ಮೆ ಕಾದು ತಾನೇ ಬಂದಾಗುತ್ತಿತ್ತು. ಸಂಜೆ ಐದಕ್ಕೆ ಬಬಲೇಶ್ವರದ ಬಸಲಿಂಗಯ್ಯನವರು ಬರುವವರಿದ್ದರು, ಮನೆಯ ಮೂರು ಮದುವೆಗಳ ಕೆಲಸ ಹಿಡಿದುಕೊಂಡು. ಅದು ಸಿಕ್ಕರೆ ಅಂಗಡಿ, ಇಲ್ಲದಿದ್ದರೆ ಬೀಗ.

ಸಪ್ಪಳ ಕೇಳಿ ಮೊದಲು ಬಂದವನು ಪಕ್ಕದ ಪಂಕ್ಚರ್ ಅಂಗಡಿಯ ರಸೂಲಸಾಬ. ಗುಳ್ಳೆ ಬಂತೆಂದರೆ ತೂತು ಇದ್ದೇ ಇದೆ, ನೀರಿನ ಟಬ್ಬಿನಲ್ಲಿ ಮುಳುಗಿಸಿ ನೋಡೋಣ ಎಂದು ಕಂಪ್ಯೂಟರನ್ನು ಎತ್ತಿಯೇಬಿಟ್ಟ. ಸಿದ್ದಲಿಂಗೇಶ ಬಾಗಿಲಿಗೆ ಅಡ್ಡ ನಿಂತು ಅದರ ಜೀವ ಉಳಿಸಿದ.

ಹಿಂದೆಯೇ ಬಂದ ಭಾಗಪ್ಪ ಬೋರಿನ ಮೋಟಾರು ರಿಪೇರಿಯವನು. ಸಾರವಾಡದ ಅರ್ಧ ಊರಿನ ಪಂಪುಗಳ ನಾಡಿ ಬಲ್ಲವನು.

"ತಮ್ಮಾ, ಗಾಳಿ ಹಿಡದೈತಿ ಇದಕ್ಕ. ಓರೆ ಮಾಡಿ, ಚಾಲೂ ಮಾಡಿ, ಬಂದ್ ಮಾಡಿ, ಮ್ಯಾಲಿಂದ ನೀರ ಹಾಕ್ಕೋತ ಹೋಗು. ಕೂಸಿಗೆ ಹಾಲ ಕುಡಿಸಿ ತೇಗಿಸಿದಂಗ."

ಮೊದಲ ಸಲ ಓರೆ ಮಾಡುವಾಗ ಮುಚ್ಚಳ ಹಾಕುವುದು ಮರೆತು, ಬಸಲಿಂಗಯ್ಯನವರಿಗೆಂದು ಇಸ್ತ್ರಿ ಮಾಡಿಸಿದ್ದ ಬಿಳಿ ಅಂಗಿಯ ಮೇಲೆ ನೀಲಿ ನೀರು ಇಳಿಯಿತು. ಎರಡನೇ ಸಲ ನೀರೇ ಮುಗಿಯಿತು. ರಸೂಲಸಾಬ ಟ್ಯೂಬು ಅದ್ದುವ ಕರಿ ನೀರನ್ನು ಚೊಂಬಿನಲ್ಲಿ ತಂದಾಗ ಸಿದ್ದಲಿಂಗೇಶ ಕೈಮುಗಿದು, ಬ್ಯಾಟರಿ ಅಂಗಡಿಗೆ ಓಡಿ ಶುದ್ಧ ನೀರಿನ ಬಾಟಲಿ ತಂದ. ಮೂವರೂ ಸೇರಿ ಎಡಕ್ಕೆ, ಬಲಕ್ಕೆ ತೂಗಿದರು. ನಾಲ್ಕೂವರೆಗೆ ದೊಡ್ಡದೊಂದು ಗುಳ್ಳೆ ಮೇಲೆದ್ದು ಒಡೆಯಿತು. ಸಪ್ಪಳ ನಿಂತಿತು, ಬಿಸಿಯೂ ಇಳಿಯಿತು. ಸಿದ್ದಲಿಂಗೇಶನಿಗೆ ಕಣ್ಣು ತುಂಬಿ ಬಂತು.

ಬಸಲಿಂಗಯ್ಯನವರು ಬಂದವರೇ ಪರದೆಯನ್ನು ನೋಡಲೇ ಇಲ್ಲ. ಪಂಪಿನ ಮನೆಯಲ್ಲಿ ಮಾಡುವಂತೆ ಯಂತ್ರಕ್ಕೆ ಕಿವಿ ಕೊಟ್ಟರು, ಅಂಗೈ ಇಟ್ಟರು.

"ಇದು ಚಾಲೂ ಐತೇನು?"

ಚಾಲೂ ಇದೆ, ಸಪ್ಪಳ ಬಾರದಿರುವುದೇ ಇದರ ಹೆಚ್ಚುಗಾರಿಕೆ ಎಂದು ಸಿದ್ದಲಿಂಗೇಶ ಹತ್ತು ನಿಮಿಷ ವಿವರಿಸಿದ. ಅವರು ತಮ್ಮ ಹೊಲದ ಮೋಟಾರನ್ನೂ ನೋಡುವ ಭಾಗಪ್ಪನತ್ತ ತಿರುಗಿದರು.

"ಭಾಗಪ್ಪ, ಮೋಟಾರ ಸಪ್ಪಳಿಲ್ಲದ ತಣ್ಣಗ ಕುಂತಿದ್ರ ಏನಂತ ತಿಳೀಬೇಕು?"

ಕಸುಬಿನ ಮಾತಿನಲ್ಲಿ ಭಾಗಪ್ಪ ಎಂದೂ ಸುಳ್ಳು ಹೇಳಿದವನಲ್ಲ.

"ಸುಟ್ಟೈತಿ ಅಂತ್ರಿ."

ಎದುರು ಸ್ಟುಡಿಯೋದಲ್ಲಿ ಹಳೆಯ ಕಂಪ್ಯೂಟರೊಂದು ಕಾಳು ಒಕ್ಕುವ ರಾಶಿ ಮಷೀನಿನಂತೆ ಒದರುತ್ತಿತ್ತು. ಬಸಲಿಂಗಯ್ಯನವರು ಬಾಗಿಲಲ್ಲಿ ನಿಂತು ಒಂದು ಗಳಿಗೆ ಕೇಳಿಸಿಕೊಂಡರು.

"ಅದು ನೋಡ್ರಿ, ದುಡಿಯಾಕತ್ತೈತಿ" ಎಂದವರೇ ನಡೆದರು. ಕೈಗೆ ಬಂದ ತುತ್ತು ರಸ್ತೆ ದಾಟಿ ಎದುರಿನವನ ಬಾಯಿಗೆ ಬಿತ್ತು.