ನಾನು ತೊಳೆದಿಟ್ಟ ಶಾಕಪ್

ಕೆಲವರಿಗೆ ಕುಡಿಯುವ ಚಟ ಇರುತ್ತದೆ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಒರೆಸುವ ಚಟ. ಮೂವತ್ತು ವರ್ಷ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಡಾಕ್ಟರು ರೌಂಡ್ಸಿಗೆ ಬರುವ ಮೊದಲು ಪೇಷಂಟಿನ ಮುಖ ತೊಳೆದು, ತಲೆ ಬಾಚಿ, ಚಾದರದ ಸುಕ್ಕು ತೆಗೆದು, ಗಾಯ ಒರೆಸಿ ಮಲಗಿಸಬೇಕು. ಹೊಲಸು ರೋಗಿಯನ್ನು ಡಾಕ್ಟರಿಗೆ ತೋರಿಸುವುದೆಂದರೆ ಮದುವೆಗೆ ಹರಕು ಸೀರೆ ಉಟ್ಟು ಹೋದಂತೆ. ಒಮ್ಮೆ ಒಬ್ಬ ಹೊಸ ಡಾಕ್ಟರು, "ಸಿಸ್ಟರ್, ಕೀವು ಯಾವ ಬಣ್ಣದ್ದು ಇತ್ತು ಅಂತ ನಾ ನೋಡಬೇಕಿತ್ತು. ನೀವು ಒರಸಿ ಪೌಡರ್ ಹಚ್ಚೀರಲ್ಲ" ಎಂದು ಬೈದಿದ್ದರು. ಆಗಲೇ ಬುದ್ಧಿ ಬಂದಿದ್ದರೆ, ಈ ವಯಸ್ಸಿನಲ್ಲಿ ಒಂದೇ ಬೆರಳಿನಿಂದ ಮೊಬೈಲ್ ಕುಟ್ಟಿ ಇದನ್ನೆಲ್ಲ ನಿಮಗೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ನನ್ನ ಮಗಳು ಶಾಲಿನಿ ಔರಾದದ ಸಾಲಿಯಲ್ಲಿ ಟೀಚರು. ಬೀದರದಿಂದ ದಿನಾ ಕಾರಿನಲ್ಲಿ ಹೋಗಿ ಬರುತ್ತಾಳೆ. ಕಾರು ಹೊಸದೇ. ಆದರೆ ಒಂದು ತಿಂಗಳಿಂದ ಹಿಂದಿನ ಚಕ್ರದ ಹತ್ತಿರ ಯಾರೋ ಬಾಗಿಲು ಬಡಿದಂತೆ ಧಡ್ ಧಡ್ ಸದ್ದು. ಶುಕ್ರವಾರ ಔರಾದದ ಪಂಕ್ಚರ್ ಅಂಗಡಿಯವನು ಬಗ್ಗಿ ನೋಡಿ, "ಮೇಡಂ, ಶಾಕಪ್ ಲೀಕ್ ಆಗ್ಯಾದ್ರಿ. ವಾರಂಟಿ ಇದ್ರ ಕಂಪನಿಯವ್ರೇ ಹೊಸದು ಹಾಕ್ತಾರ, ನಾ ಕೈ ಹಚ್ಚಲ್ಲ" ಎಂದನಂತೆ. ಶಾಕಪ್ ಅಂದರೆ ಕುಲುಕಾಟವನ್ನು ತಾನು ನುಂಗಿಕೊಂಡು ನಮಗೆ ಗೊತ್ತಾಗದಂತೆ ಮಾಡುವ ಕೊಳವೆ. ಒಳಗೆ ಎಣ್ಣೆ ಇರುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸವನ್ನು ನನ್ನ ಗಂಡ ಮಾಡುತ್ತಿದ್ದರು, ಪಾಪ, ಎಣ್ಣೆ ಇಲ್ಲದೆ. ಮನೆಗೆ ಬಂದು ಕಾಗದ ತೆಗೆದು ನೋಡಿದರೆ ವಾರಂಟಿ ಮುಗಿಯುವುದು ಮರುದಿನ, ಶನಿವಾರ ಸಂಜೆ.

"ನಾಳಿ ರಜಾ ಹಾಕ್ತೇನಿ. ಹತ್ತಕ್ಕ ನೌಬಾದದ ಕಂಪನಿ ವರ್ಕ್‌ಶಾಪಿಗೆ ಹೋಗಿ ತೋರಿಸೋಣ" ಎಂದಳು ಶಾಲಿನಿ.

ತೋರಿಸೋಣ ಎಂಬ ಮಾತು ಕಿವಿಗೆ ಬಿದ್ದದ್ದೇ ತಪ್ಪಾಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಹಳೆಯ ಚಾಪೆ ಹಾಸಿ, ಹಿಂದಿನ ಚಕ್ರದ ಪಕ್ಕ ಅಡ್ಡಾಗಿ, ಬ್ಯಾಟರಿ ಬಿಟ್ಟು ನೋಡಿದೆ. ಅಯ್ಯೋ, ಆ ಕೊಳವೆಯ ಅವಸ್ಥೆ. ಎಣ್ಣೆ, ಧೂಳು, ಕರಿ ಜಿಡ್ಡು. ಇದನ್ನು ಹೀಗೇ ನಾಲ್ಕು ಜನರ ಮುಂದೆ ಒಯ್ಯುವುದೇ? ಬಿಸಿನೀರು, ಪಾತ್ರೆ ತಿಕ್ಕುವ ಲಿಂಬೆ ಸೋಪು, ಹಳೆಯ ಹಲ್ಲುಜ್ಜುವ ಬ್ರಶ್ ತಂದು ಎರಡೂ ಕಡೆಯ ಶಾಕಪ್ಪುಗಳಿಗೆ ಎಣ್ಣೆಸ್ನಾನದ ನಂತರದ ತಲೆಸ್ನಾನ ಮಾಡಿಸಿದೆ. ಒಣಬಟ್ಟೆಯಿಂದ ಒರೆಸಿ ಎದ್ದೆ. ಹೊಸ ಸ್ಟೀಲ್ ಲೋಟದಂತೆ ಹೊಳೆಯುತ್ತಿದ್ದವು. ಆಮೇಲೆ ಪ್ರತಿ ಶನಿವಾರದಂತೆ ಮಾಣಿಕಪ್ಪ ಬಂದು ಕಾರಿನ ಮೇಲೆ ನಾಲ್ಕು ತಂಬಿಗೆ ನೀರು ಸುರುವಿ ಹೋದ. ನಮ್ಮ ಓಣಿಯ ಕಾರುಗಳನ್ನೆಲ್ಲ ತೊಳೆಯುವವನು ಅವನೇ.

ನೌಬಾದದ ವರ್ಕ್‌ಶಾಪಿನಲ್ಲಿ ಕಾರನ್ನು ಮೇಲಕ್ಕೆತ್ತಿದರು. ಅಲ್ಲಿಯ ಸೂಪರ್‌ವೈಸರ್ ಕೆಳಗೆ ನಿಂತು ಕತ್ತು ಎತ್ತಿ ಬಹಳ ಹೊತ್ತು ನೋಡಿದ.

"ಎಲ್ಲದರಿ ಮೇಡಂ ಲೀಕು? ನನ್ನ ಮನಿ ಪಾತ್ರಿ ಸೈತ ಇಷ್ಟು ಬೆಳ್ಳಗಿಲ್ಲ."

ಶಾಲಿನಿಯೂ ಕತ್ತು ಎತ್ತಿ ನೋಡಿ ಬೆಪ್ಪಾದಳು. ಅವನು ಮೂಗು ಹತ್ತಿರ ಒಯ್ದು, "ಲಿಂಬಿಕಾಯಿ ವಾಸನಿ ಬರ್ಲಿಕತ್ತದ. ಯಾರೋ ತೊಳ್ದಾರ್ರಿ. ಎಣ್ಣಿ ಇಳಿದಿದ್ದು ಫೋಟೋ ತಗದು ಕಳಿಸಿದ್ರನೇ ಕಂಪನಿ ಒಪ್ಪತದ. ಬರೇ ಸದ್ದು ಅಂದ್ರ ಒಪ್ಪಲ್ಲ. ಗಾಡಿ ಓಡಿಸ್ಕೊಂಡು ಬರ್ರಿ. ಐದರೊಳಗ ಎಣ್ಣಿ ಕಂಡ್ರ ಹೊಸದು, ಇಲ್ಲಾಂದ್ರ ನಿಮ್ಮ ಖರ್ಚು" ಎಂದ.

ಶಾಲಿನಿ ಅಲ್ಲೇ ಮಾಣಿಕಪ್ಪನಿಗೆ ಫೋನ್ ಹಚ್ಚಿದಳು. "ಅಷ್ಟು ಛಂದ ತೊಳಿ ಅಂತ ನಿನಗ ಯಾರ್ ಹೇಳಿದ್ರೋ ಮಾರಾಯಾ?"

ಫೋನಿನ ಸ್ಪೀಕರಿನಲ್ಲಿ "ತಪ್ಪಾತ್ರಿ ಮೇಡಂ" ಎಂದ ಮಾಣಿಕಪ್ಪ.

"ಮುಂದಿನ ವಾರದಿಂದ ಬರಬ್ಯಾಡ."

"ಆಯ್ತ್ರಿ."

ನಾನು ಗೋಡೆಯ ಮೇಲಿನ ಟೈರಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ. ಮಾಡದ ತಪ್ಪನ್ನು ಅವನು ಯಾಕೆ ಒಪ್ಪಿಕೊಂಡನೋ.

ಎಣ್ಣೆ ಹುಡುಕಿಕೊಂಡು ಹೊರಟೆವು. ಭಾಲ್ಕಿ, ಠಾಣಾ ಕುಶನೂರ, ಔರಾದ, ತಿರುಗಿ ಬೀದರ. ದಿನಾ ತಗ್ಗು ತಪ್ಪಿಸಿ ಓಡಿಸುವ ಶಾಲಿನಿ ಅವತ್ತು ತಗ್ಗು ಕಂಡಲ್ಲಿ ಪ್ರೀತಿಯಿಂದ ಇಳಿಸಿದಳು. ತೂಕ ಬೀಳಲಿ ಎಂದು ನನ್ನನ್ನು ಹಿಂದೆ ಕೂರಿಸಿದ್ದಳು. ಧಡ್ ಎಂದಾಗಲೆಲ್ಲ ನನ್ನ ತಲೆ ಚಾವಣಿಗೆ ತಾಗಿ, ಮಾಣಿಕಪ್ಪನ ನೆನಪು ಇನ್ನಷ್ಟು ಚೆನ್ನಾಗಿ ಬರುತ್ತಿತ್ತು. ಈಗ ಹೇಳಿಬಿಡಲೇ ಅನ್ನುವಷ್ಟರಲ್ಲಿ ಮುಂದಿನ ತಗ್ಗು.

ಭಾಲ್ಕಿಯಲ್ಲಿ ಚಹಾ ಅಂಗಡಿಯ ಮುಂದೆ ಇಬ್ಬರೂ ಬಗ್ಗಿ ಕಾರಿನ ಕೆಳಗೆ ನೋಡುತ್ತಿದ್ದಾಗ ತಲೆಗೆ ಪಟಗಾ ಸುತ್ತಿದ ಒಬ್ಬ ಮುದುಕ ಬಂದ.

"ಏನ್ ಕಳದದ್ರಿ ಅಮ್ಮ?"

"ಏನೂ ಕಳದಿಲ್ಲಪಾ. ಎಣ್ಣಿ ಸೋರ್ತದೇನು ನೋಡ್ಲಿಕತ್ತೀವಿ."

"ಸೋರವಲ್ದೇನು?"

"ಇಲ್ಲ ನೋಡು."

"ಛಲೋ ಆತಲ್ಲ ಮತ್ತ. ಯಾಕ ಮಾರಿ ಸಣ್ಣ ಮಾಡೀರಿ?"

ಅವನಿಗೆ ವಾರಂಟಿ ತಿಳಿಸುವಷ್ಟು ಶಕ್ತಿ ನಮ್ಮಲ್ಲಿ ಉಳಿದಿರಲಿಲ್ಲ. ಔರಾದ ದಾಟಿದ ಮೇಲೆ ಮತ್ತೆ ಇಳಿದು ನೋಡಿದಾಗ, ಬಲಗಡೆಯ ಶಾಕಪ್ಪಿನ ಮೈಮೇಲೆ ಕರಿ ಎಣ್ಣೆಯ ಗೆರೆ ಇಳಿದು ತುದಿಯಲ್ಲಿ ಹನಿ ತೂಗುತ್ತಿತ್ತು. ಆಪರೇಶನ್ ಆದ ರೋಗಿಗೆ ಮೂತ್ರ ಬಂದಾಗ ಇಡೀ ವಾರ್ಡು ಸಂತೋಷಪಡುತ್ತದಲ್ಲ, ಹಾಗೆ ನಾವಿಬ್ಬರೂ ರಸ್ತೆ ಪಕ್ಕದಲ್ಲಿ ಕೈಕೈ ಹಿಡಿದುಕೊಂಡೆವು.

ನಾಲ್ಕೂವರೆಗೆ ನೌಬಾದ. ಸೂಪರ್‌ವೈಸರ್ ಫೋಟೋ ತೆಗೆದ. ಫಾರಂ ತುಂಬುತ್ತಾ ಪೆನ್ನು ನಿಲ್ಲಿಸಿದ. "ಮುಂಜಾನಿ ತೊಳದಿದ್ದನ್ನ ಬರೀಬೇಕ್ರಿ. ಹೊರಗಿನ ಮಂದಿ ಬಿಚ್ಚಿದ್ರ ವಾರಂಟಿ ನಡೆಯಲ್ಲ. ಆ ತೊಳ್ಯಾಂವ ಏನರ ಬಿಚ್ಚ್ಯಾನೇನು, ಕೇಳ್ರಿ."

ಶಾಲಿನಿ ಮತ್ತೆ ಫೋನ್ ತೆಗೆದಳು. ಆ ಪುಣ್ಯಾತ್ಮ ಇದಕ್ಕೂ ತಪ್ಪಾತ್ರಿ ಅಂದುಬಿಟ್ಟರೆ ಅವನ ಕೆಲಸದ ಜೊತೆ ನಮ್ಮ ಶಾಕಪ್ಪೂ ಹೋಯಿತು.

"ಫೋನ್ ಇಡು" ಎಂದೆ. "ನಾನೇ ತೊಳ್ದೇನಿ. ಏನೂ ಬಿಚ್ಚಿಲ್ಲ. ಬ್ರಶ್ಶಿನಿಂದ ತಿಕ್ಕೀನಿ, ಅಷ್ಟೇ."

ಶಾಲಿನಿ ನನ್ನನ್ನು ನೋಡಿದ ನೋಟವನ್ನು ಟೈಪ್ ಮಾಡಲು ನನ್ನ ಮೊಬೈಲಿನಲ್ಲಿ ಅಕ್ಷರಗಳಿಲ್ಲ.

"ಯಾಕ್ರಿ ಅಮ್ಮ?" ಎಂದ ಸೂಪರ್‌ವೈಸರ್.

"ನಿಮಗ ತೋರಸ್ಲಿಕ್ಕ ತರ್ತೀವಿ. ಹೊಲಸು ಹ್ಯಾಂಗ ತರೋದ್ರಿ?"

ಅವನು ನಗು ಅದುಮಿಕೊಂಡು ಬರೆದ: ಮನೆಯ ಹಿರಿಯರು ಸೋಪಿನಿಂದ ತೊಳೆದಿದ್ದಾರೆ, ಬಿಚ್ಚಿಲ್ಲ. ಬಲಗಡೆಯದು ಮಂಜೂರಾಯಿತು. ಎಡಗಡೆಯದು ಸೋರುತ್ತಿಲ್ಲವಾದ್ದರಿಂದ ಅದಕ್ಕೆ ಏನೂ ಇಲ್ಲ.

ದಾರಿಯುದ್ದಕ್ಕೂ ಶಾಲಿನಿ ಆಡಿದ್ದು ಒಂದೇ ಮಾತು: "ಮಾಣಿಕಪ್ಪಗ ನೀನೇ ಹೇಳು."

ಹೇಳಿ ಕಳಿಸಿದೆ. ಮರುದಿನ ಬಂದ. ಕೈ ಹಿಡಿದು ಕ್ಷಮೆ ಕೇಳಿ, ಮೊದಲಿನಂತೆ ಕೆಲಸಕ್ಕೆ ಬಾ ಎಂದೆ.

"ನನಗ ಗೊತ್ತಿತ್ತ್ರಿ ಸಿಸ್ಟರಮ್ಮ. ನಾ ಬರೋ ಹೊತ್ತಿಗೆ ನಿಮ್ಮ ಚಾಪಿ ಅಲ್ಲೇ ಬಿದ್ದಿತ್ತಲ್ಲ."

"ಮತ್ತ ನೀ ಯಾಕ ತಪ್ಪಾತು ಅಂದಿ?"

ಅವನು ತಲೆ ಕೆರೆದುಕೊಂಡ. "ಹನ್ನೆರಡು ವರ್ಷ ಆತ್ರಿ ಗಾಡಿ ತೊಳಿಲಿಕತ್ತು. ಛಂದ ತೊಳ್ದಿ ಅಂತ ಯಾರೂ ಅಂದಿದ್ದಿಲ್ಲ. ಮೇಡಂ ಅಂದ್ರು. ಬೈಕೋತ ಅಂದ್ರೇನಾತು, ಅಂದ್ರಲ್ಲ. ಈಗ ಅದನ್ನೂ ನೀವು ಹೊಳ್ಳಿ ಕಸ್ಗೊಂಡ್ರಿ."

ಅವನು ಬಕೆಟ್ ತೆಗೆದುಕೊಂಡು ಕಾರಿಗೆ ನಾಲ್ಕು ತಂಬಿಗೆ ನೀರು ಸುರುವಿ ಎರಡು ಸಲ ಬಟ್ಟೆ ಆಡಿಸಿದ. ಬಾಗಿಲ ಕೆಳಗೆಲ್ಲ ಔರಾದದ ಧೂಳು ಹಾಗೇ ಇತ್ತು. ನನ್ನ ಕೈ ತುರಿಸಿತು. ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು, ಓಣಿಗೆಲ್ಲ ಕೇಳುವ ಹಾಗೆ, "ಏನ್ ಛಂದ ತೊಳ್ದೀಪಾ ಮಾಣಿಕಪ್ಪ" ಎಂದೆ. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಸುಳ್ಳು ರಿಪೋರ್ಟು ನಾನು ಯಾವ ಪೇಷಂಟಿಗೂ ಬರೆದವಳಲ್ಲ.