ನಾಯಕರ ಬಾಯಿ ನಾನಾಗಿದ್ದಾಗ

ಗಂಟಲು ದೊಡ್ಡದಿದ್ದವನ ಬೆನ್ನಿಗೆ ಪೇಚಾಟಗಳು ತಾವಾಗಿಯೇ ಬಂದು ಜೋತು ಬೀಳುತ್ತವೆ. ನನ್ನ ಬೆನ್ನಂತೂ ಒಂದು ದಿನವೂ ಖಾಲಿ ಇದ್ದದ್ದಿಲ್ಲ. ಹೊಸಪೇಟೆಯಲ್ಲಿ ಡಂಗುರ ಸಾರುವುದು ನನ್ನ ಕಸುಬು. ನಾನು ಸಂತೆಯೊಳಗೆ ನಿಂತು ಒಂದು ಕೂಗು ಹಾಕಿದರೆ, ಅತ್ತ ಸ್ಟೇಷನ್ನಿನಲ್ಲಿ ಗಾರ್ಡು ಎಂಜಿನ್ನಿನ ಸೀಟಿಯೇ ಆಯಿತೆಂದು ತಿಳಿದು ಹಸಿರು ಬಾವುಟ ಬೀಸಿ ರೈಲು ಬಿಟ್ಟದ್ದುಂಟು. ಹತ್ತಬೇಕಾದವರು ಹಿಂದೆ ಓಡಿದ್ದೂ ಉಂಟು.

ಮೈಕು ಬರುವ ಮೊದಲು ಸಭೆ ಹೇಗೆ ನಡೆಯುತ್ತಿತ್ತು ಎಂಬುದು ಈಗಿನವರಿಗೆ ಗೊತ್ತಿಲ್ಲ. ನಾಯಕರು ಒಂದು ಮಾತು ಹೇಳುತ್ತಿದ್ದರು. ಅದು ಮುಂದಿನ ನಾಕು ಸಾಲಿಗೆ ಕೇಳಿಸುತ್ತಿತ್ತು. ಪಕ್ಕದಲ್ಲಿ ನಿಂತ ನಾನು ಆ ಮಾತನ್ನು ಎತ್ತಿಕೊಂಡು ಹಿಂದಿನವರಿಗೆಲ್ಲ ಮುಟ್ಟಿಸುತ್ತಿದ್ದೆ. ಈಗ ಮೈಕು ಬಂದಿದೆ. ಅದರದು ಒಂದೇ ಕೊರತೆ, ಹೇಳಿದ್ದನ್ನಷ್ಟೇ ಹೇಳುತ್ತದೆ.

ಈ ಸೀಮೆಯಲ್ಲಿ ವೋಟು ಕೇಳಿದವರೆಲ್ಲ ನನ್ನ ಬಾಯಿಂದಲೇ ಕೇಳಿದ್ದಾರೆ. ಅದಕ್ಕೇ ಹೋಟೆಲಿನ ಕಟ್ಟೆಯ ಮೇಲೆ "ಈಗ ಇರೋ ನಾಯಕರೊಳಗ ಮರ್ಯಾದಿಗೆ ತಕ್ಕೋರು ಯಾರು" ಅಂತ ಜಗಳ ಹತ್ತಿದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾನು ಹೇಳುತ್ತೇನೆ, ಮೊಮ್ಮಗಳು ಬರೆಯುತ್ತಾಳೆ. ನಾನು ಹೇಳಲಿರುವ ಮೂವರು ನಾಯಕರೂ ಗಟ್ಟಿಮುಟ್ಟಾಗಿ ಬದುಕಿದ್ದಾರೆ. ಅನುಮಾನವಿದ್ದವರು ಹೋಗಿ ಕೇಳಬಹುದು.

ನಾಯಕರನ್ನು ಅಳೆಯಲು ನನ್ನ ಹತ್ತಿರ ಇದ್ದದ್ದು ಒಂದೇ ಕೋಲು. ನನ್ನ ತಂಗಿಯನ್ನು ಕಂಪ್ಲಿಯ ಆಚೆ, ಮೆಟ್ರಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಊರಿಗೂ ಕಂಪ್ಲಿಯ ಆಸ್ಪತ್ರೆಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಅದು ತುಂಬಿದರೆ ಎತ್ತು ಇಳಿಯುವುದಿಲ್ಲ. ಅವಳ ಚೊಚ್ಚಲ ಹೆರಿಗೆ ಹಳ್ಳದ ದಂಡೆಯ ಮೇಲೆ, ಗಾಡಿಯೊಳಗೇ ಆಯಿತು. ತಾಯಿ ಮಗು ಉಳಿದದ್ದೇ ಪುಣ್ಯ. ಬಾಣಂತಿಯನ್ನು ನೋಡಲು ಹೋದರೆ ಅವಳು ಅಂದಳು:

"ಅಣ್ಣಾ, ಊರ ಮಂದಿ ಸುದ್ದಿ ಎಲ್ಲಾ ಒದರ್ತಿ. ತಂಗಿಗೊಂದು ಸೇತುವಿ ಕೇಳಾಕ ಗಂಟಲು ಬಿದ್ದು ಹೋಗೈತೇನು?"

ಅವತ್ತಿನಿಂದ ಸಿಕ್ಕ ನಾಯಕರಿಗೆಲ್ಲ ಸೇತುವೆ ಕೇಳುತ್ತಾ ಹೋದೆ.

ಎರಡನೆಯ ದೊರೆ

ಮೊದಲನೆಯವರು ವಕೀಲರು. ಓದಿಕೊಂಡವರು ಅಂದರೆ ಅವರೇ. ಹಂಪಿಯ ಬಜಾರಿನಲ್ಲಿ ಸಭೆ ಇಟ್ಟು, ಹಿಂದಿನ ದೊರೆಗಳ ಕಾಲದಿಂದ ಭಾಷಣ ಶುರು ಮಾಡಿದರು. ಆನೆ ಆಯಿತು, ಕುದುರೆ ಆಯಿತು, ಮುತ್ತು ಅಳೆದ ಸೇರು ಆಯಿತು. ಬಿಸಿಲು ನೆತ್ತಿಗೆ ಬಂತು. ಹಿಂದೆ ಕೂತಿದ್ದ ಹೆಂಗಸರು ಬುತ್ತಿಯ ಗಂಟು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನನಗೆ ಕರುಣೆ ಬಂತು. ಅಷ್ಟನ್ನೂ ಒಂದೇ ಉಸಿರಿನಲ್ಲಿ ಮುಟ್ಟಿಸಿಬಿಟ್ಟೆ: "ಹಿಂದ ಭಾಳ ಚಲೋ ಇತ್ತಂತ, ಈಗ ಇಲ್ಲಂತ, ವೋಟು ಕೊಡ್ಬೇಕಂತ."

ಜನ ಎದ್ದು ಊಟಕ್ಕೆ ಹೋದರು.

ವಕೀಲರು ಕನ್ನಡಕ ತೆಗೆದರು. "ಏನೋ ಇದು? ನಾನಿನ್ನೂ ಎರಡನೇ ದೊರೆಗೆ ಬಂದಿದ್ದೆ."

"ಹಸಿದೋರಿಗೆ ಅಷ್ಟೇ ಮುಟ್ತೈತ್ರಿ, ವಕೀಲ್ರೆ."

ಅವರು ಸಿಟ್ಟಾಗಲಿಲ್ಲ. ತಮ್ಮ ಮೊಸರನ್ನದಲ್ಲಿ ಅರ್ಧ ನನಗೇ ಕೊಟ್ಟರು. ಇವರೇ ಸರಿಯಾದ ಮನುಷ್ಯ ಅಂತ ಹಳ್ಳದ ಸೇತುವೆಯ ಮಾತು ತೆಗೆದೆ.

"ಸೇತುವೆಯೇ?" ಅಂದವರೇ ನನ್ನ ಕೈ ಹಿಡಿದು ಹೊಳೆಯ ದಂಡೆಗೆ ಕರೆದೊಯ್ದರು. ನೀರಿನಲ್ಲಿ ನಿಂತ ಹಳೇ ಸೇತುವೆಯ ಕಲ್ಲುಕಂಬಗಳನ್ನು ತೋರಿಸಿ, ಒಂದೊಂದರ ಕಥೆ ಹೇಳತೊಡಗಿದರು. ಹೊತ್ತು ಮುಳುಗುವಾಗ ಆ ಸೇತುವೆ ಮುಗಿಯಿತು. ನಮ್ಮದು ಶುರುವೇ ಆಗಲಿಲ್ಲ.

ಅವರ ವಿದ್ಯೆಗೆ ಮರ್ಯಾದೆ ಕೊಡಲೇಬೇಕು. ನಾನು ಈಗಲೂ ಕೈ ಮುಗಿಯುತ್ತೇನೆ. ಆದರೆ ಕೂತು ಮುಗಿಯುತ್ತೇನೆ; ನಿಂತು ಮುಗಿದರೆ ಅವರ ಮಾತು ಮುಗಿಯುವುದರೊಳಗೆ ಕಾಲು ಹಿಡಿದುಕೊಳ್ಳುತ್ತದೆ.

ಗುಡ್ಡದ ಸಭೆ

ಎರಡನೆಯವರು ಕಾರಿದ್ದ ಧಣಿ. ಸಂಡೂರಿನ ಗುಡ್ಡಗಳ ಬಾಯಲ್ಲಿ ನಮ್ಮ ಸರ್ಕಾರದ ಕೊನೆಯ ಹಳ್ಳಿ. ಅದನ್ನು ದಾಟಿದರೆ ಆಗ ಸಂಡೂರಿನ ರಾಜರ ಸೀಮೆ, ಅಲ್ಲಿಯವರಿಗೆ ನಮ್ಮ ಕಡೆಯ ವೋಟಿರಲಿಲ್ಲ. ಆ ಹಳ್ಳಿಯಲ್ಲಿ ನಿಂತು ಧಣಿ ಅಂದರು: "ನಮ್ಮಂಥೋರು ಇನ್ನೊಬ್ಬರಿಲ್ಲ."

ನಾನು ಎತ್ತಿ ಕೂಗಿದೆ. ಗುಡ್ಡ ನನ್ನ ದನಿಯನ್ನು ಬಿಡಲಿಲ್ಲ. ಆಚೆಯಿಂದ "ಇನ್ನೊಬ್ಬರಿಲ್ಲ, ಇನ್ನೊಬ್ಬರಿಲ್ಲ" ಅಂತ ಬರುತ್ತಲೇ ಇತ್ತು.

ಧಣಿಯ ಹುಬ್ಬು ಗಂಟಾಯಿತು. "ಯಾವನಲೇ ಅವ, ನನ್ನ ಭಾಷಣ ಕದ್ದು ಅಲ್ಲೊಂದು ಸಭಾ ನಡಸಾಕತ್ತಾನ?"

"ಧಣೇರ, ಅದು ಗುಡ್ಡ ರೀ."

"ಗುಡ್ಡಕ್ಕ ಯಾಕಲೇ ಬೇಕು ರಾಜಕೀಯ?" ಅಂದು ಇಬ್ಬರು ಆಳುಗಳಿಗೆ ಬಡಿಗೆ ಕೊಟ್ಟು ಓಡಿಸಿದರು. ಅಷ್ಟು ಹೊತ್ತೂ ನನ್ನ ಕೈಲಿ ಕೂಗಿಸುತ್ತಲೇ ಇದ್ದರು. ಆಳುಗಳು ಏದುಸಿರು ಬಿಡುತ್ತಾ ವಾಪಸು ಬಂದರು.

"ಧಣೇರ, ಈ ಗುಡ್ಡಕ್ಕ ಹೋದ್ರ ಸಭಾ ಆ ಗುಡ್ಡಕ್ಕ ಹೋಗಿರತೈತ್ರಿ. ಹಿಡಿಯಾಕ ಆಗವಲ್ದು. ಆದ್ರ ಮಂದಿ ಅಲ್ಲೇ ಭಾಳ ಇರಬೇಕ್ರಿ, ಗದ್ದಲ ಹಂಗೈತಿ."

ಧಣಿ ಒಂದು ಗಳಿಗೆ ಯೋಚಿಸಿದರು. "ಮಂದಿ ಅಲ್ಲೇ ಭಾಳ ಇದ್ರ ನಾವ್ಯಾಕ ಇಲ್ಲಿ ನಿಂತೀವಿ?" ಅಂದು ಕಾರು ಹತ್ತಿದರು. ಬಾಗಿಲು ಹಿಡಿದುಕೊಂಡು ನಾನು ಸೇತುವೆ ಕೇಳಿದೆ. "ನಿನ್ನ ತಂಗಿಗೊಂದು ಕಾರು ತಗೋ ಅನ್ನು, ಹಳ್ಳ ಏನ್ ಮಾಡ್ತೈತಿ" ಅಂದು ಹೊರಟೇ ಹೋದರು, ಗುಡ್ಡದ ಕಡೆಗೆ.

ಅವರ ಕಾರಿನ ಹಾರನ್ನಿಗೆ ನಾನು ಮರ್ಯಾದೆ ಕೊಡುತ್ತೇನೆ. ಈ ಜಿಲ್ಲೆಯಲ್ಲಿ ನನ್ನ ದನಿಗೆ ಸಮನಾದದ್ದು ಅದೊಂದೇ.

ಆಡದ ಮಾತು

ಮೂರನೆಯವರು ಕಂಪ್ಲಿಯ ಅಕ್ಕಿ ಗಿರಣಿಯ ಸಾವ್ಕಾರರು. ಗಿರಣಿಯ ಧೂಳು ಕುಡಿದು ಕುಡಿದು ಗಂಟಲು ಕಟ್ಟಿತ್ತು; ಮಾತಾಡಿದರೆ ಪಕ್ಕದಲ್ಲಿದ್ದ ನನಗೇ ಅರ್ಧ ಕೇಳುತ್ತಿತ್ತು. ಜಿಲ್ಲಾ ಬೋರ್ಡಿಗೆ ನಿಂತಿದ್ದರು. ಅವರ ಸಭೆ ಬಿದ್ದದ್ದು ನನ್ನ ತಂಗಿಯ ಊರಿನಲ್ಲೇ. ಅವಳು ಮತ್ತೆ ಬಸುರಿ ಅಂತ ಅವತ್ತೇ ಬೆಳಿಗ್ಗೆ ನನಗೆ ತಿಳಿದಿತ್ತು.

ಸಾವ್ಕಾರರು ಎದ್ದು ನಿಂತು, "ನಿಮ್ಮ ಹಳ್ಳ ನೋಡಿದೆ. ತೊಂದರಿ ಐತಿ" ಅಂದರು. ನಾನು ಹಿಂದಕ್ಕೆ ತಿರುಗಿದೆ. ಹೆಂಗಸರ ನಡುವೆ ತಂಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿ ತಾನೇ ಹೊರಟಿತು:

"ಸಾವ್ಕಾರ್ರು ನಿಮ್ಮ ಹಳ್ಳ ನೋಡ್ಯಾರ. ತೊಂದರಿ ಐತಿ ಅಂದಾರ. ಬರೂ ಮಳಿಗಾಲದೊಳಗ ಕಲ್ಲಿನ ಸೇತುವಿ ಕಟ್ಟಸ್ತಾರ. ಗೆದ್ರೂ ಕಟ್ಟಸ್ತಾರ, ಸೋತ್ರೂ ಕಟ್ಟಸ್ತಾರ."

ಟವೆಲುಗಳು ಮೇಲೆ ಹಾರಿದವು. ಸಾವ್ಕಾರರು ನನ್ನ ಧೋತರ ಜಗ್ಗಿದರು.

"ಏನಪ್ಪಾ, ನಾ ಇಷ್ಟೆಲ್ಲಾ ಅಂದ್ನೇನು?"

"ನೀವಂದದ್ದು ಸಣ್ಣಗಿತ್ರಿ. ದೊಡ್ಡದು ಮಾಡೂದು ನನ್ನ ಕಸುಬು."

"ದನಿ ದೊಡ್ಡದು ಮಾಡಪ್ಪಾ ಅಂದ್ರ ಮಾತು ದೊಡ್ಡದು ಮಾಡ್ತಿಯಲ್ಲೋ."

ಅವರ ಗುಮಾಸ್ತ ಕಿವಿಯಲ್ಲಿ, "ಹಂಗಂದಿಲ್ಲ ಅಂತ ಈಗ ಹೇಳಿಬಿಡ್ರಿ" ಅಂದ. ಸಾವ್ಕಾರರು ಬೇಡವೆಂದು ತಲೆಯಾಡಿಸಿದರು. "ಅದನ್ನ ಹಿಂದಿನೋರಿಗೆ ಮುಟ್ಟಸೋನೂ ಇವನ ಅಲ್ಲೇನು? ಈ ಸಲ ಏನಂತ ಮುಟ್ಟಸ್ತಾನೋ."

ಚುನಾವಣೆಯಲ್ಲಿ ಅವರು ಸೋತರು. ಸೇತುವೆಯೂ ಅಲ್ಲಿಗೆ ಮುಗಿಯಿತು ಅಂತ ಊರವರು ಸುಮ್ಮನಾದರು, ತಂಗಿ ನನ್ನ ಜೊತೆ ಮಾತು ಬಿಟ್ಟಳು. ಬೇಸಿಗೆ ಹಿಡಿದಾಗ ಗಿರಣಿಯ ಗಾಡಿಗಳು ಕಲ್ಲು ಹೇರಿಕೊಂಡು ಹಳ್ಳಕ್ಕೆ ಬಂದು ನಿಂತವು. ಹಿಂದೆಯೇ ಕೊಡೆ ಹಿಡಿದು ಸಾವ್ಕಾರರು.

ನಾನು ಓಡಿಹೋಗಿ ಕಾಲು ಹಿಡಿದೆ. "ಸಾವ್ಕಾರ್ರೆ, ಅದು ನೀವು ಆಡಿದ ಮಾತಲ್ಲ ರೀ."

"ಏಳಪ್ಪಾ. ಅವತ್ತು ನಿನ್ನ ಬಾಯಿ ನನ್ನ ಬಾಯಿ ಆಗಿತ್ತು. ಆ ಮಂದಿ ಕೇಳಿದ್ದು ನನ್ನ ಮಾತ."

ಆಡಿದ್ದನ್ನೇ ಮರೆಯುವ ನಾಯಕರು ಬೇಕಾದಷ್ಟು ಇದ್ದಾರೆ. ಆಡದ್ದಕ್ಕೂ ನಿಂತವರನ್ನು ನಾನು ನೋಡಿದ್ದು ಇವರೊಬ್ಬರನ್ನೇ. ಕಟ್ಟೆಯ ಮೇಲೆ ಕೇಳಿದವರಿಗೆಲ್ಲ ನಾನು ಹೇಳುವ ಹೆಸರು ಇವರದೇ.

ಮಳೆ ಹಿಡಿಯುವ ಮೊದಲು ಸೇತುವೆ ಎದ್ದಿತು. ತುಂಬಿದ ಹಳ್ಳದ ಮೇಲೆ ತಂಗಿಯ ಗಾಡಿ ದಾಟಿತು, ಆಸ್ಪತ್ರೆಯಲ್ಲಿ ಗಂಡು ಕೂಸು ಹುಟ್ಟಿತು. ಅದರ ಮೊದಲ ಅಳುವಿಗೆ ಡಾಕ್ಟರಮ್ಮ ಕಿವಿ ಮುಚ್ಚಿಕೊಂಡು, "ಸೋದರಮಾವ ಯಾರು?" ಅಂತ ಕೇಳಿದರಂತೆ.

ಮಳೆ ನಿಂತ ಮೇಲೆ ಊರವರು ಸೇತುವೆಯ ಮೇಲೆ ತೋರಣ ಕಟ್ಟಿ ಸಾವ್ಕಾರರನ್ನು ಕರೆಸಿದರು. ಹಳ್ಳದ ಎರಡೂ ದಂಡೆ ತುಂಬ ಜನ. "ಒಂದೆರಡು ಮಾತು ಆಡ್ರಿ" ಅಂತ ಎಲ್ಲರೂ ಬೇಡಿಕೊಂಡರು. ಸಾವ್ಕಾರರು ಎದ್ದರು. ನಾನು ಪಕ್ಕದಲ್ಲಿ ಹೋಗಿ ನಿಂತೆ. ಅವರು ಒಮ್ಮೆ ಜನರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ತುಟಿ ಬಿಗಿದುಕೊಂಡರು. ಸುಮ್ಮನೆ ಕೈ ಮುಗಿದರು. ಆಮೇಲೆ ಹಳೇ ಧೂಳು ಗಂಟಲಲ್ಲಿ ಕೆರಳಿ, ಸಣ್ಣಗೆ ಒಮ್ಮೆ ಕೆಮ್ಮಿದರು.

ನಾನು ಎದೆ ತುಂಬ ಉಸಿರು ಎಳೆದುಕೊಂಡು ಜನರ ಕಡೆ ತಿರುಗಿದೆ.

ಸಾವ್ಕಾರರು ಹಾರಿಬಂದು ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿದರು.

"ಕೆಮ್ಮಪ್ಪಾ ಅದು. ಬರೇ ಕೆಮ್ಮು."