ನೀರು ನೋಡಿ ದಾರ

ನಮ್ಮ ಕಾಕಾ ಜೀವಮಾನದಲ್ಲಿ ಒಂದೇ ಒಂದು ಮೀನು ತಿಂದವನಲ್ಲ. ಆದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅವನ ಗಾಳ ಕಚ್ಚದ ಮೀನು ಯಾವುದಾದರೂ ಇದ್ದರೆ ಅದು ಇನ್ನೂ ಮೊಟ್ಟೆಯಲ್ಲಿರಬೇಕು. ಲಿಂಗ ಕಟ್ಟಿದ ಮನೆತನ ನಮ್ಮದು. ಮೀನು ಒಳಗೆ ಬರುವ ಮಾತು ಹಾಗಿರಲಿ, ಮೀನಿನ ಚಿತ್ರವಿರುವ ಕ್ಯಾಲೆಂಡರನ್ನೂ ಕಾಕಾನ ಹೆಂಡತಿ ಚಿಗವ್ವ ಗೋಡೆಗೆ ಹಾಕಗೊಡುವುದಿಲ್ಲ. ಕಾಕಾ ಗಾಳಕ್ಕೆ ಸಿಕ್ಕಿಸುವುದೂ ಎರೆಹುಳವನ್ನಲ್ಲ, ಜೋಳದ ಹಿಟ್ಟಿನ ಉಂಡಿಯನ್ನು. ಹಿಡಿಯುತ್ತಾನೆ, ಬಾಯಿಂದ ಕೊಕ್ಕೆ ಬಿಡಿಸುತ್ತಾನೆ, ನೀರಿಗೆ ಬಿಡುತ್ತಾನೆ.

ಹಾಗಾದರೆ ಹಿಡಿಯುವುದೇಕೆ? ಈ ಪ್ರಶ್ನೆಯನ್ನು ನಾನೂ ಕೇಳಿದ್ದೆ.

"ಲೇ, ನಾ ಮೀನು ಹಿಡ್ಯಾಕ ಹೋಗೂದಿಲ್ಲ," ಎಂದ. "ದಾರ ಪರೀಕ್ಷಾ ಮಾಡಾಕ ಹೋಗ್ತೇನಿ. ಮೀನು ಬರೇ ಸಾಕ್ಷಿ."

ದಾರದ ಹುಚ್ಚು ಬಂದದ್ದು ಕಸುಬಿನಿಂದ. ಬಂಕಾಪುರದಲ್ಲಿ ಅವನದೊಂದು ಮೋಟಾರ್ ವೈಂಡಿಂಗ್ ಅಂಗಡಿಯಿದೆ. ಸುಟ್ಟ ಪಂಪಿನ ಮೋಟಾರುಗಳನ್ನು ರೈತರು ತಂದು ಹಾಕುತ್ತಾರೆ, ಇವನು ಒಳಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾನೆ. ತಂತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದರೆ ಸಾಕು, ಎಷ್ಟು ದಪ್ಪದ್ದೆಂದು ಹೇಳಿಬಿಡುತ್ತಾನೆ. ಆ ಬೆರಳುಗಳಿಗೆ ರವಿವಾರ ರಜೆ ಕೊಡಲು ಮನಸ್ಸಾಗದೆ ಗಾಳದ ದಾರ ಹಿಡಿದ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಾನು ಶಿಗ್ಗಾವಿಯಲ್ಲಿ ಕೂತು ಒಡೆದ ಮೊಬೈಲುಗಳಿಗೆ ಗಾಜು ಹಾಕುವವನು. ಬಿಡುವಿನಲ್ಲಿ ಕಂಡವರ ದನಿ ಮಾಡುವವನು. ಬಸ್ಸಿನ ಕಂಡಕ್ಟರು, ನಮ್ಮ ಅಪ್ಪ, ಗಿರಾಕಿಗಳು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನಿನ್ನ ದನಿ ಮಾಡಿ ತೋರಿಸು ಎಂದು ಯಾರೋ ಕೇಳಿದಾಗ ಮಾತ್ರ ಬರೀ ಕೆಮ್ಮು ಬಂತು. ಬಾಡಿಗೆಯವರ ಗದ್ದಲದಲ್ಲಿ ಮನೆ ಮಾಲೀಕನೇ ಎಲ್ಲೋ ಹೊರಟುಹೋಗಿದ್ದ. ನನ್ನ ಎಲ್ಲ ಸೋಗುಗಳಲ್ಲಿ ಹೆಚ್ಚು ಬೇಡಿಕೆ ಇರುವುದು ಕಾಕಾನದಕ್ಕೆ. ದಾರವನ್ನು ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ, "ತಮ್ಮಾ, ಮೊದ್ಲು ನೀರು ಏನಂತೈತಿ ಕೇಳು, ಆಮ್ಯಾಗ ದಾರ ಹಚ್ಚು," ಎಂದರೆ ಮದುವೆ ಮನೆಯಲ್ಲಿ ಊಟದ ಪಂಕ್ತಿಯೇ ನಿಲ್ಲುತ್ತದೆ. ಎಲ್ಲರಿಗಿಂತ ಜೋರಾಗಿ ನಗುವವಳು ಚಿಗವ್ವ.

ಹಾನಗಲ್ಲಿನ ಕೆರೆಗೆ ಹೋಗುವಾಗ ಅವನ ಕೈಯಲ್ಲಿ ನೀರಿನಲ್ಲಿ ಮಾಯವಾಗುವ ತೆಳು ದಾರ ಇರುತ್ತಿತ್ತು. ಚಳಿಗಾಲದ ತಿಳಿನೀರು, ಮೀನು ಶ್ಯಾಣೇ ಇರುತ್ತದಂತೆ, ದಾರ ಕಂಡರೆ ಹತ್ತಿರ ಸುಳಿಯುವುದಿಲ್ಲವಂತೆ. ಆ ದಾರವನ್ನು ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ್ದ. ಅದು ಬಂದ ದಿನ ಅವನು ಅಂಗಡಿಯಲ್ಲಿದ್ದ. ಪೊಟ್ಟಣ ಬಿಚ್ಚಿದವಳು ಚಿಗವ್ವ.

ಚಿಗವ್ವ ಕೌದಿ ಹೊಲಿಯುವವಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ ಅವಳು ಹೊಲಿದ ಕೌದಿ ನಮ್ಮ ಬಳಗದ ಪ್ರತಿ ಮನೆಯಲ್ಲೂ ಇದೆ. ಗಂಡ ತನಗಾಗಿ ಗಟ್ಟಿಮುಟ್ಟಾದ ದಾರ ತರಿಸಿದ್ದಾನೆಂದು ಹಿಗ್ಗಿ ಇಡೀ ಕೌದಿಯನ್ನು ಅದರಲ್ಲೇ ಹೊಲಿದಳು. ಅದನ್ನು ಮೊದಲು ಹೊದ್ದವರು ನಮ್ಮಪ್ಪ. ಬೆಳಿಗ್ಗೆ ಎದ್ದಾಗ ಮೈತುಂಬ ಗೀರು, ಮುಳ್ಳುಬೇಲಿ ಹಾರಿ ಬಂದವರಂತೆ ಕಂಡರು. ದಾರದ ತುದಿಗಳು ರಾತ್ರಿಯೆಲ್ಲ ಚುಚ್ಚಿದ್ದವು. ಬಿಚ್ಚೋಣವೆಂದರೆ ಹೊಲಿಗೆ ಎಲ್ಲಿದೆಯೆಂದು ಯಾರಿಗೂ ಕಾಣದು. ಚಿಗವ್ವ ಅಳುವ ಹಾಗಾಗಿದ್ದಳು. ಕಾಕಾ ಕೌದಿಯನ್ನು ಅಂಗಳದ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಮನಷ್ಯಾರಿಗೇ ಕಾಣವಲ್ದು, ಇನ್ನು ಮೀನಿಗೆ ಎಲ್ಲಿ ಕಾಣ್ತೈತಿ," ಎಂದ. "ಮಾಲು ಅಸಲಿ ಐತಿ."

ಆ ಸಲ ಚಿಗವ್ವ ಒಂದು ಕಾಯ್ದೆ ತಂದಳು. ಕೆರೆಗೆ ಹೋಗುವ ಮುಂಚೆ ಕಾಕಾ ಅವಳ ಸೂಜಿಗಳಿಗೆಲ್ಲ ದಾರ ಪೋಣಿಸಿ, ದಿಂಬಿಗೆ ಚುಚ್ಚಿ ಇಡಬೇಕು. ಆಮೇಲೆಯೇ ಗಾಡಿಯ ಕೀಲಿ.

"ಇಲ್ಲದ ದಾರನ ನೋಡೂವಂಥಾ ಕಣ್ಣು ನಿಮ್ಮವು," ಎಂದಳು. "ನನಗೂ ಒಂದೀಟು ಉಪಯೋಗ ಆಗ್ಲಿ. ಸೂಜಿ ಕಣ್ಣು ಕಾಣದ ದಿವಸ ಕೆರಿ ಬಂದ್ ನೋಡ್ರಿ ಮತ್ತ. ಅಷ್ಟು ಕಾಣದಾವರಿಗೆ ನೀರಿನ ದಂಡಿ ಏನು ಕಾಣ್ತೈತಿ?"

"ಆ ದಿವಸ ಬಂದಾಗ ನೋಡೂಣ ಬಿಡು," ಎಂದ ಕಾಕಾ, ಪಟಪಟನೆ ಪೋಣಿಸುತ್ತ.

ಸವಣೂರಿನ ಕೆರೆಯಲ್ಲಿ ಒಂದು ಸಲ ದೊಡ್ಡ ಗೆಂಡೆ ಮೀನು ಸಿಕ್ಕಿತು. ಹಿಂದೆ ಒಬ್ಬ ಯಜಮಾನರು ಖಾಲಿ ಚೀಲ ಹಿಡಿದು ಮಧ್ಯಾಹ್ನದಿಂದ ಕಾಯುತ್ತ ನಿಂತಿದ್ದರು. ಕಾಕಾ ದಾರವನ್ನು ಬೆರಳಿನಲ್ಲಿ ಸವರಿ, ಸವೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೀನನ್ನು ನೀರಿಗೆ ಬಿಟ್ಟ. ಯಜಮಾನರು ಚೀಲವನ್ನೊಮ್ಮೆ ನೋಡಿದರು, ನೀರನ್ನೊಮ್ಮೆ ನೋಡಿದರು.

"ಸಾಹೇಬ್ರ, ನಿಮಗ ಬ್ಯಾಡಾಗಿದ್ರ ನನ್ನ ಕೇಳಬೇಕಿತ್ತಿಲ್ರಿ. ಮನ್ಯಾಗ ಮಸಾಲಿ ಅರ್ಯಾಕ ಹೇಳಿ ಬಂದೇನಿ."

"ದಾರ ಬೇಕಾದ್ರ ಕೊಡ್ತೇನ್ರಿ," ಎಂದ ಕಾಕಾ. "ಮೀನು ನನ್ನದಲ್ಲ."

ಹೋದ ಮಳೆಗಾಲದಿಂದ ಕಾಕಾನ ಶಾಸ್ತ್ರ ಬದಲಾಗತೊಡಗಿತು. ವರದಾ ನದಿಗೆ ಕೆಂಪು ನೀರು ಬಂದಿತ್ತು. ಅವನು ಅರಿಸಿನ ಬಣ್ಣದ ದಪ್ಪ ದಾರ ತೆಗೆದ. ಈ ಬಣ್ಣ ಮೀನಿಗೆ ಕಾಣುವುದಿಲ್ಲವೇ ಎಂದು ಕೇಳಿದೆ.

"ರಾಡಿ ನೀರಾಗ ಮೀನಿಗೆ ಏನೂ ಕಾಣೂದಿಲ್ಲ. ದಾರ ಕಾಣಬೇಕಾದ್ದು ನಮಗ."

ಸರಿ, ನದಿ ರಾಡಿಯೇ ಇತ್ತು, ಒಪ್ಪಿದೆ. ಆದರೆ ದೀಪಾವಳಿ ಕಳೆದು ಹಾನಗಲ್ಲಿನ ಕೆರೆ ಗಾಜಿನಂತೆ ತಿಳಿಯಾದ ಮೇಲೂ ಹಳದಿ ದಾರವೇ ಬಂತು. ನೀರು ಮೇಲೆ ತಿಳಿಯಾಗಿದೆ, ಕೆಳಗೆ ರಾಡಿ ಇದೆ ಎಂದ. ಇದನ್ನು ನಾನು ಒಂದು ಸೀಮಂತದ ಮನೆಯಲ್ಲಿ ಮಾಡಿ ತೋರಿಸಿದೆ, ಒಳ್ಳೆಯ ನಗು ಬಂತು. ಚಿಗವ್ವ ಮಾತ್ರ ಆ ಸಲ ನೀರು ತರುತ್ತೇನೆಂದು ಒಳಗೆ ಹೋದಳು. ಅದೇ ಹೊತ್ತಿಗೆ ಗಾಡಿ ಹೊಡೆಯುವ ಕೆಲಸವೂ ನನಗೆ ಬಿತ್ತು. ಹಿಂದೆ ಕೂತರೆ ದಾರಿಯುದ್ದಕ್ಕೂ ಹಳ್ಳಕೊಳ್ಳಗಳ ನೀರು ಅಭ್ಯಾಸ ಮಾಡಬಹುದಂತೆ. ಅಭ್ಯಾಸ ಮಾಡುವವನು ನನ್ನ ಹೆಗಲು ಬಿಡುತ್ತಿರಲಿಲ್ಲ.

ಮೊನ್ನೆ ಹಿರೇಕೆರೂರಿನ ಕೆರೆಗೆ ಹೋದಾಗ ಮೂರನೆಯ ದಾರ ಹೊರಬಂತು. ನೂಲಿನಂತೆ ಹೆಣೆದದ್ದು.

"ಇದು ಬಳ್ಳಿ ಬೆಳೆದ ನೀರಿಗೆ," ಎಂದ. "ನೈಲಾನ್ ದಾರ ಜಗ್ಗಿದ್ರ ಹಿಗ್ಗತೈತಿ, ಮೀನು ಅಲ್ಲೆ ಕಚ್ಚಿದ್ರ ಸುದ್ದಿ ಇಲ್ಲಿಗೆ ಬರೂದ್ರಾಗ ಅದು ಹಿಟ್ಟು ತಿಂದು ಹೋಗಿರತೈತಿ. ಇದು ಹಿಗ್ಗೂದಿಲ್ಲ. ಮೀನು ಮುಟ್ಟಿದ್ರ ಬೆರಳಿಗೆ ಬಂದು ಹೇಳತೈತಿ."

ನಾವು ಕೂತಲ್ಲಿ ಬಳ್ಳಿ ಇರಲಿಲ್ಲ. ಆದರೆ ಸೋಗಿಗೆ ಸರಕು ಸಂಗ್ರಹಿಸುವಾಗ ಅಡ್ಡ ಮಾತಾಡಬಾರದು. ಕಾಕಾ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ, ಕಣ್ಣು ಮುಚ್ಚಿ ಕೂತ. ನಾನು ಅವನ ಹಿಂದೆ ಇನ್ನೊಂದು ಗಾಳದ ಕೋಲು ಹಿಡಿದು, ದಾರ ನೀರಿಗೆ ಬಿಟ್ಟು, ಅದೇ ಭಂಗಿಯಲ್ಲಿ ಕೂತೆ. ಕತ್ತು ಅಷ್ಟೇ ವಾಲಿಸಿದೆ, ತುಟಿ ಅಷ್ಟೇ ಬಿಗಿಹಿಡಿದೆ, ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಬೆರಳಿಗೆ ನೀರಿನ ಸೆಳೆತ ತಿಳಿಯಿತು, ಒಂದು ಸಣ್ಣ ಮುಟ್ಟುವಿಕೆ ತಿಳಿಯಿತು. ಆಮೇಲೆ ಇನ್ನೊಂದು ತಿಳಿಯಿತು. ನಾನು ಕಣ್ಣು ಮುಚ್ಚಿದ್ದು ಸೋಗಿಗಾಗಿ. ಅವನು ಮುಚ್ಚಿದ್ದು ತೆರೆದರೂ ಹೆಚ್ಚು ಬದಲಾಗುವುದಿಲ್ಲವೆಂದು.

ಕಾಕಾ ಕಣ್ಣು ತೆರೆದು ಆಚೆ ದಡದತ್ತ ಕೈ ಮಾಡಿದ. "ನೋಡಲೇ, ಎಷ್ಟು ದೊಡ್ಡ ಕೊಕ್ಕರೆ."

ಅಲ್ಲಿ ಒಂದು ಗೂಟಕ್ಕೆ ಬಿಳಿಯ ಗೊಬ್ಬರದ ಚೀಲ ಸಿಕ್ಕಿಕೊಂಡಿತ್ತು.

ಬೇರೆ ದಿನವಾಗಿದ್ದರೆ ಅದು ನನಗೆ ಒಂದು ವರ್ಷದ ಊಟ. "ಹೌದು ಕಾಕಾ," ಎಂದೆ. "ಹಾರವಲ್ದು."

ಅವನು ಸ್ವಲ್ಪ ಹೊತ್ತು ದಾರ ಸವರಿದ. "ಚೀಲೇನದು?"

"ಹೂಂ."

"ಹುಬ್ಬಳ್ಳಿ ಡಾಕ್ಟರು ಕಣ್ಣಿನ ನರದ ತ್ರಾಸು ಅಂದಾರ. ಹೋದದ್ದು ಬರೂದಿಲ್ಲ, ಇದ್ದದ್ದು ಉಳಿಸಾಕ ಹನಿ ಕೊಟ್ಟಾರ." ಇದನ್ನೂ ದಾರದ ಗುಣ ಹೇಳುವ ದನಿಯಲ್ಲೇ ಹೇಳಿದ. "ನಿಮ್ಮ ಚಿಗವ್ವಗ ಹೇಳಬ್ಯಾಡ. ಗೊತ್ತಾದ್ರ ಕೆರಿ ಬಂದ್ ಮಾಡ್ತಾಳ. ಇನ್ನೂ ಸೂಜಿ ಪೋಣಸಾಕತ್ತೇನಿ, ಸಂಶೇ ಬಂದಿಲ್ಲ ಅಕಿಗೆ."

ಮುಂದಿನ ರವಿವಾರ ನಾನು ಬೇಗನೆ ಬಂಕಾಪುರಕ್ಕೆ ಹೋದೆ. ಕಾಕಾ ಪಡಸಾಲೆಯಲ್ಲಿ ಪರೀಕ್ಷೆಗೆ ಕೂತಿದ್ದ. ಎದುರಿಗೆ ಚಿಗವ್ವ ಕೌದಿ ಹರವಿಕೊಂಡಿದ್ದಳು. ಅವನ ಕೈಯಲ್ಲಿ ಸೂಜಿ ಇರಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಣ ಇತ್ತು. ಅದರ ಕಣ್ಣಿನಲ್ಲಿ ಜೋಳದ ಕಾಳೇ ಹಾಯುವಂತಿತ್ತು.

ನಾನು ನೋಡಿದ್ದನ್ನು ಚಿಗವ್ವ ನೋಡಿದಳು.

"ಈ ಸಲದ ಅರಿವಿ ಭಾಳ ದಪ್ಪ ಐತಿ," ಎಂದಳು. "ಹೋದ ಸಲ ದೊಡ್ಡ ಸೂಜಿನೂ ಮುರೀತು. ಅದಕ್ಕ ದಬ್ಬಣ ತಗದೇನಿ."

ಅವಳ ಮಡಿಲಲ್ಲಿದ್ದುದು ತೊಳೆದು ತೊಳೆದು ಜಾಳಾದ ಹಳೆಯ ಸೀರೆ. ಹಿಡಿದರೆ ಆಚೆಯ ಬಾಗಿಲು ಕಾಣುವಷ್ಟು ತೆಳು.

ಕಾಕಾ ದಬ್ಬಣದ ಕಣ್ಣನ್ನು ಉಗುರಿನಿಂದ ಹುಡುಕಿ, ದಾರದ ತುದಿಯನ್ನು ಬೆರಳಲ್ಲಿ ಹೊಸೆದು, ಎರಡು ಸಲ ತಪ್ಪಿಸಿ, ಮೂರನೆಯದಕ್ಕೆ ಪೋಣಿಸಿದ. ಅಷ್ಟು ಹೊತ್ತು ಚಿಗವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಯಾವುದೋ ಹಬ್ಬ ಹುಡುಕುತ್ತಿದ್ದಳು.

"ಆತು ನೋಡು," ಎಂದ ಕಾಕಾ, ಗೆದ್ದವನಂತೆ.

"ಆತ್ರ್ಯಾ? ನಿಮ್ಮಂಗ ಯಾರಿಗೆ ಬರತೈತ್ರಿ," ಎಂದು ಸೊಂಟದಿಂದ ಕೀಲಿ ತೆಗೆದು ನನ್ನ ಕೈಗೆ ಹಾಕಿದಳು. ಕಾಕಾ ಕೋಲು ತರಲು ಒಳಗೆ ಹೋದ. ಚಿಗವ್ವ ದಬ್ಬಣವನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ರವಿಕೆಗೆ ಸಿಕ್ಕಿಸಿಕೊಂಡಿದ್ದ ಸಣ್ಣ ಸೂಜಿ ತೆಗೆದಳು. ಅದಕ್ಕೆ ಮೊದಲೇ ದಾರವಿತ್ತು.

"ದಪ್ಪ ದಾರನ ಒಯ್ರಿ," ಎಂದಳು ಹೊಲಿಗೆಯಿಂದ ತಲೆ ಎತ್ತದೆ. "ನೀರು ರಾಡಿ ಇರತೈತಿ. ದಂಡಿಗೆ ನೀ ಕುಂದರು."

ಮಳೆ ಬಂದು ತಿಂಗಳುಗಳಾಗಿದ್ದವು. ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು.

"ಹೌದು ಚಿಗವ್ವ, ಭಾಳ ರಾಡಿ ಐತಿ," ಎಂದೆ. ಯಾರ ದನಿಯಲ್ಲಿ ಹೇಳಿದೆನೆಂದು ಗಾಡಿ ಚಾಲೂ ಮಾಡುವಾಗ ಯೋಚಿಸಿದೆ. ಕಾಕಾನದಾಗಿರಲಿಲ್ಲ, ಅಪ್ಪನದಾಗಿರಲಿಲ್ಲ, ಕಂಡಕ್ಟರನದೂ ಅಲ್ಲ. ನನ್ನದೇ ಇರಬೇಕು.